ವೈರಾಣುವಿನ ಮದ್ದು: ಆಶೆಯೂ ಎಚ್ಚರವೂ

ಹೋಟೆಲಿನ ಗಲ್ಲೆಯನ್ನು ಬಿಟ್ಟು ಪತ್ರಿಕೆಯ ಮೇಜಿಗೆ ಬಂದು ಕುಳಿತು ವರುಷಗಳು ಸಂದರೂ, ಹಳೆಯ ಕೆಲಸಗಾರರು ಕಷ್ಟಕಾಲದಲ್ಲಿ ಇಂದಿಗೂ ನಮ್ಮನ್ನು ಅರಸಿಕೊಂಡು ಬರುವುದುಂಟು. ಹಾಗೆ ಬಂದವರಲ್ಲಿ, ನಮ್ಮ ದೋಸೆಕಲ್ಲಿನ ಮುಂದೆ ಹಲವು ವರುಷ ನಿಂತು ಬೆಂದ ಭಟ್ಟರೊಬ್ಬರ ಮಗನೂ ಒಬ್ಬ. ತಂದೆಗೆ ಜಠರದ ಕ್ಯಾನ್ಸರ್. ಹುಡುಗನ ಕೈಯಲ್ಲಿ ಒಂದು ಅಚ್ಚಾದ ಹಾಳೆ. "ಧಣಿಗಳೇ, ಪರದೇಶದಲ್ಲಿ ಕ್ಯಾನ್ಸರಿಗೆ ವೈರಸ್ಸಿನ ಚುಚ್ಚುಮದ್ದು ಬಂದಿದೆಯಂತೆ. ತರಿಸಿಕೊಡುವವರೊಬ್ಬರು ಸಿಕ್ಕಿದ್ದಾರೆ. ಊರಿನ ಗದ್ದೆಯನ್ನು ಮಾರಿಬಿಡಲೇ?" ಎಂದು ಕೇಳಿದ.

ಎಸ್.ಎಸ್.ಎಲ್.ಸಿ.ಗೆ ಓದು ಮುಗಿಸಿದ ನಾವು ವೈದ್ಯರಲ್ಲ. ಆದುದರಿಂದ ತಿಳಿದವರನ್ನು ಕೇಳಿದೆವು, ದೊರೆತುದನ್ನು ಓದಿದೆವು. ಅದರ ಸಾರವನ್ನು ಓದುಗರ ಮುಂದಿಡುವುದು ನಮ್ಮ ಕರ್ತವ್ಯವೆಂದು ಭಾವಿಸುತ್ತೇವೆ.

ಹಾಳೆಯಲ್ಲಿದ್ದ ಮಾತು ಶುದ್ಧ ಸುಳ್ಳಲ್ಲ. ಮುಳ್ಳನ್ನು ಮುಳ್ಳಿನಿಂದಲೇ ತೆಗೆಯುವ ಈ ಯತ್ನ ನಿಜವಾಗಿಯೂ ನಡೆದಿದೆ. ತುಟಿಯ ಅಂಚಿನಲ್ಲಿ ಗುಳ್ಳೆಯೆಬ್ಬಿಸುವ ಹರ್ಪಿಸ್ ವೈರಾಣುವಿನ ಎರಡು ಜೀನುಗಳನ್ನು ಕಿತ್ತು, ದೇಹದ ರಕ್ಷಕ ಕಣಗಳನ್ನು ಕೂಗಿ ಕರೆಯುವ ಬೇರೊಂದು ಜೀನನ್ನು ಸೇರಿಸಿ, ವಿಜ್ಞಾನಿಗಳು ಟಿ-ವೆಕ್ ಎಂಬ ಮದ್ದನ್ನು ಸಿದ್ಧಪಡಿಸಿದರು. ಅದನ್ನು ನೇರವಾಗಿ ಗಡ್ಡೆಗೇ ಚುಚ್ಚುತ್ತಾರೆ. ಆರೋಗ್ಯವುಳ್ಳ ಜೀವಕೋಶವು ಇಂಥ ಹಲ್ಲು ಕಿತ್ತ ವೈರಾಣುವನ್ನು ತಡೆದು ನಿಲ್ಲಿಸಬಲ್ಲದು. ಕ್ಯಾನ್ಸರ್ ಕೋಶದಲ್ಲಿ ಆ ಕಾವಲು ಸಡಿಲ. ಅಲ್ಲಿ ವೈರಾಣು ಬೆಳೆದು, ಕೋಶವನ್ನು ಒಡೆದು ಹೊರಬೀಳುತ್ತದೆ. ಒಡೆದ ಕೋಶದ ಚೂರುಗಳಿಂದ ದೇಹದ ರಕ್ಷಣಾಪಡೆಯೂ ಶತ್ರುವನ್ನು ಗುರುತಿಸಲು ಕಲಿಯುತ್ತದೆ. 2015ರಲ್ಲಿ ಅಮೇರಿಕವು ಇದಕ್ಕೆ ಅನುಮತಿಯಿತ್ತಿತು. ಅದಕ್ಕೂ ಮೊದಲೇ, 2005ರಲ್ಲಿ, ಚೀನವು ತಲೆ ಕತ್ತುಗಳ ಕ್ಯಾನ್ಸರಿಗೆ ಅಡಿನೋ ವೈರಾಣುವಿನ ಮದ್ದನ್ನು ಒಪ್ಪಿತ್ತು. ಜಪಾನು 2021ರಲ್ಲಿ ಮಿದುಳಿನ ಗಡ್ಡೆಗೆ ಇನ್ನೊಂದು ಹರ್ಪಿಸ್ ಮದ್ದನ್ನು ಷರತ್ತಿನ ಮೇಲೆ ಒಪ್ಪಿತು.

ಆದರೆ ಹಾಳೆ ಹೇಳದೆ ಬಿಟ್ಟ ಮಾತುಗಳೂ ಇದ್ದವು. ಟಿ-ವೆಕ್ ಇರುವುದು ಮೆಲನೋಮವೆಂಬ ಚರ್ಮದ ಕ್ಯಾನ್ಸರಿಗೆ; ಜಠರದ್ದಕ್ಕಲ್ಲ. 436 ರೋಗಿಗಳನ್ನು ಒಳಗೊಂಡ ಪರೀಕ್ಷೆಯಲ್ಲಿ, ಈ ಮದ್ದು ಪಡೆದ ನೂರರಲ್ಲಿ ಸುಮಾರು 16 ಮಂದಿಗೆ ಗಡ್ಡೆ ಕುಗ್ಗಿ, ಆರು ತಿಂಗಳಾದರೂ ಹಾಗೆಯೇ ಉಳಿಯಿತು. ಹೋಲಿಕೆಯ ಮದ್ದು ಪಡೆದವರಲ್ಲಿ ನೂರಕ್ಕೆ ಇಬ್ಬರಿಗೆ ಮಾತ್ರ. ಆ ಹದಿನಾರು ಜನರ ಪಾಲಿಗೆ ಇದು ವರವೇ ಸರಿ. ಉಳಿದ ಎಂಬತ್ತನಾಲ್ಕು ಜನರನ್ನು ಮರೆಯಲಾದೀತೇ? ಬೆಲೆಯೋ, ಒಬ್ಬ ರೋಗಿಗೆ ಸರಾಸರಿ 65,000 ಡಾಲರು ತಗಲುವುದೆಂದು ಆರಂಭದಲ್ಲಿ ತಯಾರಕರೇ ಅಂದಾಜು ಮಾಡಿದ್ದರು. ಇನ್ನು ಲಾಟ್ವಿಯ ದೇಶದ ಕಥೆ ನೋಡಿ. ಅಲ್ಲಿ 2004ರಲ್ಲಿ ದಾಖಲೆಯಾದ ರಿಗ್ವಿರ್ ಎಂಬ ವೈರಾಣು ಮದ್ದನ್ನು ನಂಬಿ ಹೊರದೇಶಗಳಿಂದಲೂ ರೋಗಿಗಳು ಹೋದರು. ಸೀಸೆಯಲ್ಲಿ ಹೇಳಿದುದಕ್ಕಿಂತ ಬಹಳ ಕಡಿಮೆ ವೈರಾಣುವಿದೆಯೆಂದು ಪರೀಕ್ಷೆಯಿಂದ ತಿಳಿದು, 2019ರಲ್ಲಿ ಅದರ ಮಾರಾಟ ನಿಂತಿತು.

"ತಮ್ಮಾ, ಗದ್ದೆಯ ಕಾಗದಕ್ಕೆ ರುಜು ಹಾಕುವ ಮೊದಲು ಈ ಹಾಳೆಯನ್ನು ನಿನ್ನ ತಂದೆಯ ಡಾಕ್ಟರರಿಗೆ ತೋರಿಸು" ಎಂದೆವು. ಡಾಕ್ಟರರು ಒಂದೇ ಮಾತಿನಲ್ಲಿ ಬೇಡವೆಂದರು. ಗದ್ದೆ ಉಳಿಯಿತು. ಭಟ್ಟರು ಉಳಿಯಲಿಲ್ಲ, ಕೊನೆಯ ದಿನಗಳನ್ನು ಸ್ವಂತ ಮನೆಯ ಜಗಲಿಯಲ್ಲಿ ಕಳೆದರು. ಉತ್ತರಕ್ರಿಯೆ ಮುಗಿಸಿ ಬಂದ ಮಗನು ಕೇಳಿದುದು ಇಷ್ಟೆ: "ನಮ್ಮಂಥವರಿಗೆ ಇಂಥ ಮದ್ದು ಸಿಗುವುದು ಯಾವಾಗ ಧಣಿಗಳೇ?"

ಇಂಥ ಸಂಶೋಧನೆ ಬಡದೇಶಕ್ಕೆ ಸಲ್ಲದ ದುಂದುಗಾರಿಕೆಯೆಂದು ಹೇಳುವವರಿದ್ದಾರೆ. ನಾವು ಒಪ್ಪುವುದಿಲ್ಲ. ಇದೇ ಮುಂಬಯಿಯ ಐ.ಐ.ಟಿ. ಮತ್ತು ಟಾಟಾ ಸ್ಮಾರಕ ಆಸ್ಪತ್ರೆಗಳು ಕೂಡಿ ರೂಪಿಸಿದ ನೆಕ್ಸ್‌ಕಾರ್-19 ಎಂಬ ರಕ್ತಕ್ಯಾನ್ಸರ್ ಚಿಕಿತ್ಸೆಗೆ 2023ರಲ್ಲಿ ಅನುಮತಿ ದೊರೆಯಿತು. ಅದರಲ್ಲಿ ವೈರಾಣುವು ಕ್ಯಾನ್ಸರನ್ನು ಕೊಲ್ಲುವುದಿಲ್ಲ. ಪಳಗಿಸಿದ ಹಮಾಲನಂತೆ ಹೊಸ ಜೀನನ್ನು ಹೊತ್ತು ರೋಗಿಯ ರಕ್ತಕಣಕ್ಕೆ ಮುಟ್ಟಿಸುತ್ತದೆ. ಪರದೇಶದ ಬೆಲೆಯ ಸುಮಾರು ಹತ್ತನೆಯ ಒಂದು ಪಾಲಿಗೆ ಅದು ಇಲ್ಲಿ ಸಿದ್ಧವಾಯಿತು. ಆ ಪಾಲೂ ಲಕ್ಷಗಟ್ಟಲೆಯದೇ ಹೌದು. ಆದರೂ ಹುಡುಗನ ಪ್ರಶ್ನೆಗೆ ಉತ್ತರ ಆ ದಾರಿಯಲ್ಲಿದೆಯೇ ಹೊರತು ದಲಾಲಿಯ ಚೀಲದಲ್ಲಿಲ್ಲ. ಗಡ್ಡೆಯನ್ನೊಡೆಯುವ ವೈರಾಣುವಿನ ಕೆಲಸಕ್ಕೂ ಸರಕಾರವು ಅಂಥದೇ ಆಸರೆ ನೀಡಬೇಕು.

ಅಲ್ಲಿಯ ತನಕ ನಮ್ಮ ಪಾಲಿನ ಕೆಲಸವೂ ಉಂಟು. ಊರಿನಿಂದ ಚಿಕಿತ್ಸೆಗೆಂದು ಈ ನಗರಕ್ಕೆ ಬರುವ ಕನ್ನಡಿಗರು ಭಾಷೆ ತಿಳಿಯದೆ, ಕೈಗೆ ಸಿಕ್ಕಿದವರನ್ನು ನಂಬುತ್ತಾರೆ. ನಮ್ಮ ಸಂಘಗಳು ವಾರಕ್ಕೊಂದು ಸಂಜೆ ತಿಳಿದ ವೈದ್ಯರೊಬ್ಬರನ್ನು ಕೂರಿಸಿ, ಇಂಥವರ ಕಾಗದಪತ್ರಗಳನ್ನು ಕನ್ನಡದಲ್ಲಿ ಓದಿ ಹೇಳುವ ವ್ಯವಸ್ಥೆ ಮಾಡಲಿ. ಒಂದು ಮೇಜು, ನಾಲ್ಕು ಕುರ್ಚಿ ಸಾಕು. ಬಂದವರಿಗೆ ಕಾಫಿಯ ಖರ್ಚು ನಮ್ಮದಿರಲಿ.