‘ಸುಮ್ನೆ ಮನೇಲವ್ಳೆ’ ಅನ್ನೋ ಮಾತು

2025ರ ದಸರಾ ಸಮಯದಲ್ಲಿ ಗಣತಿಗೆ ಅಂತ ಒಬ್ರು ಮೇಡಂ ನಮ್ಮನೆಗೂ ಬಂದಿದ್ರು. ನಿಮ್ಮನೆಗೂ ಯಾರಾದ್ರೂ ಬಂದೇ ಇರ್ತಾರೆ. ನಾನು ಹುಳದ ಮನೇಲಿ ಸೊಪ್ಪು ಹಾಕ್ತಿದ್ದೆ. ನಮ್ಮ ಯಜಮಾನ್ರು ಜಗಲಿ ಮೇಲೆ ಕೂತು ಉತ್ತರ ಹೇಳ್ತಿದ್ರು. ನಿಮ್ಮ ಉದ್ಯೋಗ? ‘ವ್ಯವಸಾಯ, ರೇಷ್ಮೆ.’ ನಿಮ್ಮ ಮನೆಯವರದು? ‘ಅವಳಿಗೇನು ಕೆಲ್ಸ, ಸುಮ್ನೆ ಮನೇಲವ್ಳೆ.’

ಆ ಮಾತು ಕಿವಿಗೆ ಬಿದ್ದಾಗ ನನ್ನ ತೋಳ ಮೇಲೆ ಹಿಪ್ಪುನೇರಳೆ ಕಡ್ಡಿ ಹೊರೆ ಇತ್ತು ಕಣ್ರೇ.

ಅವರು ಕೆಟ್ಟೋರಲ್ಲ. ಕೆಟ್ಟ ಮಾತು ಆಡ್ದೆ ಅಂತ ಅವರಿಗೆ ಗೊತ್ತೂ ಇಲ್ಲ. ಎಲ್ಲಾರ ಮನೇಲೂ ಅದೇ ಮಾತು. ನನಗೆ ಸಿಟ್ಟು ಬಂದಿದ್ದು ಅದಕ್ಕೇ.

ರೇಷ್ಮೆ ಬೆಳೆ ಅಂದ್ರೆ ಏನು ಅಂತ ದೊಡ್ಡಬಳ್ಳಾಪುರ, ದೇವನಹಳ್ಳಿ ಕಡೆಯೋರಿಗೆ ನಾನು ಹೇಳ್ಬೇಕಾ? 25-28 ದಿನ ಮನೇಲಿ ಹಸುಗೂಸು ಇದ್ದಂಗೆ. ನಾಲ್ಕು ಜ್ವರ ದಾಟಿಸ್ಬೇಕು. ನಾಲ್ಕನೇ ಜ್ವರ ಎದ್ದ ಮೇಲಂತೂ ಹುಳ ತಿಂದೇ ತಿನ್ನುತ್ತೆ, ಇಡೀ ಬೆಳೇಗೆ ಬೇಕಾದ ಸೊಪ್ಪಲ್ಲಿ ಮುಕ್ಕಾಲು ಪಾಲಿಗಿಂತ ಜಾಸ್ತಿ ಆ ಒಂದು ವಾರದಲ್ಲೇ. ರಾತ್ರಿ ಎದ್ದು ಸೊಪ್ಪು ಹಾಕೋರ್ಯಾರು? ಕಸ ತೆಗೆಯೋರ್ಯಾರು? ಹಣ್ಣಾದ ಹುಳ ಒಂದೊಂದೇ ಆಯ್ದು ಚಂದ್ರಿಕೆಗೆ ಬಿಡೋರ್ಯಾರು? ಗೂಡು ಬಿಡಿಸಿ ಚೀಲ ತುಂಬೋವರೆಗೂ ನಮ್ಮ ಕೈ. ಆಮೇಲೆ ಆ ಚೀಲ ವಿಜಯಪುರದ ಮಾರ್ಕೆಟ್ಟಿಗೆ ಹೋಗುತ್ತೆ. ಅಲ್ಲಿಂದ ಬರೋ ಚೀಟೀಲಿ ಯಾರ ಹೆಸರಿರುತ್ತೆ? ಡೇರಿದೂ ಅಷ್ಟೇ. ಬೆಳಿಗ್ಗೆ ಸಂಜೆ ಹಾಲು ಕರೆಯೋಳು ಹೆಂಗಸು, ಎಷ್ಟೋ ಮನೇಲಿ ಪಾಸ್‌ಬುಕ್ಕು ಗಂಡಂದು, ಬಟವಾಡೆನೂ ಗಂಡಂದೇ.

ಇಷ್ಟೆಲ್ಲಾ ಮಾಡಿ ನಾವು ‘ಸುಮ್ನೆ’ ಇದ್ದೀವಂತೆ.

ಒಂದು ವಿಷ್ಯ ತಿಳ್ಕೊಳ್ಳಿ. 2011ರ ಜನಗಣತಿ ನಿಯಮದಲ್ಲೇ, ಸಂಬಳ ಇಲ್ದಿದ್ರೂ ಮನೆಯ ಹೊಲದಲ್ಲಿ, ಮನೆಯ ಕಸುಬಲ್ಲಿ ದುಡಿಯೋರು ಕೆಲಸಗಾರರೇ. ಬರೀ ಮನೆ ಖರ್ಚಿಗೆ ಅಂತ ಹಾಲು ಉತ್ಪಾದನೆ ಮಾಡಿದ್ರೂ ಅದು ಕೆಲಸಾನೇ. ನಿಯಮ ನಮ್ಮ ಪರವಾಗೇ ಐತೆ. ಬರೆಯೋರಿಗೆ ಹೇಳಬೇಕಾದ ಬಾಯಿ ಮಾತ್ರ ‘ಏನೂ ಇಲ್ಲ’ ಅಂತೈತೆ.

ಆದ್ರೆ ಅದೇ ನಿಯಮದಲ್ಲಿ ಅಡುಗೆ, ಪಾತ್ರೆ, ಬಟ್ಟೆ, ಮಕ್ಕಳು, ಹಾಸಿಗೆ ಹಿಡಿದ ಅತ್ತೆ ಮಾವ, ಇಷ್ಟನ್ನೇ ನೋಡ್ಕೊಳ್ಳೋಳು ಕೆಲಸಗಾರ್ತಿ ಅಲ್ಲ. 2001ರ ಜನಗಣತೀಲಿ ಗೃಹಿಣೀರನ್ನ ಭಿಕ್ಷುಕರು, ಕೈದಿಗಳ ಜೊತೆ ಒಂದೇ ಸಾಲಲ್ಲಿ ಕೂರಿಸಿದ್ದನ್ನ 2010ರಲ್ಲಿ ಸುಪ್ರೀಂ ಕೋರ್ಟೇ ತಪ್ಪು ಅಂತು. ಕೇಂದ್ರ ಸರ್ಕಾರದ 2024ರ ಸಮಯದ ಲೆಕ್ಕದ ಸಮೀಕ್ಷೆ ನೋಡಿ: ಮನೆ ಕೆಲ್ಸ ಮಾಡೋ ಹೆಂಗಸ್ರು ಅದಕ್ಕೆ ದಿನಕ್ಕೆ 289 ನಿಮಿಷ ಕಳೀತಾರೆ, ಮಾಡೋ ಗಂಡಸ್ರು 88 ನಿಮಿಷ. ‘ಮಾಡೋ’ ಗಂಡಸ್ರು ಅಂದೆ. ಮಾಡದೇ ಇರೋರು ಆ ಲೆಕ್ಕದಲ್ಲೇ ಇಲ್ಲ.

ಈ ದುಡಿಮೆಗೆ ಬೆಲೆ ಯಾವಾಗ ಕಟ್ತಾರೆ ಗೊತ್ತಾ? ನಾವು ಸತ್ತಾಗ. 1989ರಲ್ಲಿ ಜಮ್ಶೆಡ್‌ಪುರದಲ್ಲಿ ಬೆಂಕಿ ಬಿದ್ದು ಸತ್ತ ಗೃಹಿಣೀರ ಸೇವೆಗೆ ತಿಂಗಳಿಗೆ 3,000 ರೂಪಾಯಿ ಅಂತ ಸುಪ್ರೀಂ ಕೋರ್ಟು 2001ರಲ್ಲಿ ಲೆಕ್ಕ ಹಾಕ್ತು. ಪರಿಹಾರದ ಕೇಸಲ್ಲಿ ವಕೀಲರು ಕೂಡಿ ಕಳೆದು ನಮ್ಮ ಬೆಲೆ ಹೇಳ್ತಾರೆ. ಬದುಕಿರೋವಾಗ ಹೇಳಿದ್ರೆ ಬಾಯಿ ನೋಯುತ್ತಾ?

ಇದನ್ನ ನಮ್ಮ ಓರಗಿತ್ತಿ ಹತ್ರ ಹೇಳ್ದೆ. ‘ಅಯ್ಯೋ ಬಿಡಕ್ಕ, ಮನೆಯೋರಿಗೆ ಮಾಡೋದು ಪ್ರೀತಿ. ಪ್ರೀತಿಗೆ ಕೂಲಿ ಕೇಳ್ತಾರಾ?’ ಅಂದ್ಲು. ನಾನೂ ಕೂಲಿ ಕೇಳ್ತಿಲ್ಲ. ಮೊಮ್ಮಗೂಗೆ ರಾಗಿ ಸರಿ ಕಾಯ್ಸಿ ತಿನ್ನಿಸೋಕೆ ನನಗೆ ಬಿಲ್ಲು ಬ್ಯಾಡ. ಆದ್ರೆ ಪ್ರೀತಿ ಇದ್ದ ಮಾತ್ರಕ್ಕೆ ಅದು ಕೆಲಸ ಅಲ್ಲ ಅನ್ನೋದು ಯಾವ ನ್ಯಾಯ? ರೈತಂಗೆ ಭೂಮಿ ಮೇಲೆ ಪ್ರೀತಿ ಇಲ್ವಾ? ಹಂಗಂತ ಅವನ ಉಳುಮೇನ ಕೆಲಸ ಅಲ್ಲ ಅಂತೀವಾ? ಪ್ರೀತಿ ಅಂತ ಹಾಡಿ ಹೊಗಳಿ, ಆಮೇಲೆ ಎದ್ದು ಒಂದು ಲೋಟ ತೊಳೆಯೋದಿಲ್ಲ ಅಂದ್ರೆ ಆ ಹೊಗಳಿಕೆ ಬರೀ ಗಾಳಿ ಮಾತು.

ಇನ್ನು ಕೆಲವರು ‘ಗೃಹಲಕ್ಷ್ಮಿ 2,000 ಬರುತ್ತಲ್ಲ, ಇನ್ನೇನು ಬೇಕು’ ಅಂತಾರೆ. ಬರಲಿ, ಒಳ್ಳೇದೇ. ಅದು ಸರ್ಕಾರ ಕೊಡೋ ಸಹಾಯ. ನಮ್ಮನೆ ಗೂಡಿನ ದುಡ್ಡಲ್ಲಿ ನನ್ನ ಪಾಲು ಎಷ್ಟು ಅನ್ನೋ ಪ್ರಶ್ನೆಗೆ ಅದು ಉತ್ತರ ಅಲ್ಲ.

ಬರೀ ಗಂಡಸ್ರನ್ನ ಬೈದು ಮುಗ್ಸಿದ್ರೆ ನಾನು ಸುಳ್ಳು ಹೇಳ್ದಂಗಾಗುತ್ತೆ. ಬ್ಯಾಂಕಲ್ಲಿ ಖಾತೆ ಮಾಡ್ಸೋವಾಗ ಉದ್ಯೋಗ ಅನ್ನೋ ಕಡೆ ‘ಇಲ್ಲ’ ಅಂತ ನನ್ನ ಕೈಯಾರೆ ನಾನೇ ಬರೆದಿದ್ದೆ. ಪಿಯುಸಿ ಓದಿದ ಕೈ ಅದು. ಮಗಳಿಗೆ ಪೊರಕೆ ಕೊಟ್ಟು ಮಗನಿಗೆ ತಟ್ಟೆ ಇಟ್ಟೋಳೂ ನಾನೇ. ಸೊಸೆ ಬಾಣಂತನ ಮುಗ್ಸಿ ಬಂದಾಗ ‘ಮನೇಲೇ ಇದ್ದೀಯಲ್ಲ, ನಿನಗೇನು ಕೆಲ್ಸ’ ಅಂತ ಕೇಳಿದ್ದೂ ನಾನೇ. ನನಗೆ ಚುಚ್ಚಿದ ಮಾತಲ್ಲೇ ನಾನು ಅವಳಿಗೂ ಚುಚ್ಚಿದ್ದೆ. ಆ ಗಣತಿ ದಿನ ಸೊಪ್ಪು ಹಾಕ್ತಾ ಅದು ನೆನಪಾಗಿ ನಾಚಿಕೆ ಆಯ್ತು. ಸಾಯಂಕಾಲ ಅವಳ ಹತ್ರ ಹೇಳಿದೆ ಕೂಡ.

ಈಗ ಮಾಡಬೇಕಾದ್ದು ಇಷ್ಟು. ಡೇರಿ ಸದಸ್ಯತ್ವಕ್ಕೆ ನಿಮ್ಮ ಹೆಸರಲ್ಲೂ ಅರ್ಜಿ ಹಾಕಿ. ಗೂಡಿನ ಚೀಟಿ ಬಂದಾಗ ಎಷ್ಟಾಯ್ತು ಅಂತ ಕೇಳಿ, ಕೇಳೋದು ಜಗಳ ಅಲ್ಲ. ಗಂಡುಮಕ್ಕಳ ಕೈಗೂ ಪೊರಕೆ ಕೊಡಿ. 2027ರ ಫೆಬ್ರವರೀಲಿ ಜನಗಣತಿಯೋರು ಮತ್ತೆ ಬಾಗಿಲಿಗೆ ಬರ್ತಾರೆ. ಆವಾಗ ಜಗಲಿಗೆ ನೀವೇ ಬನ್ನಿ. ಹೊಲಕ್ಕೆ ಹೋಗ್ತೀನಿ, ಹಸು ಕಟ್ಟಿದ್ದೀನಿ, ಹುಳ ಸಾಕ್ತೀನಿ, ಕಂಡಿಕೆ ಸುತ್ತುತೀನಿ ಅಂತ ಮಾಡೋದನ್ನ ಮಾಡ್ದಂಗೆ ಹೇಳಿ. ಮನೆ ಕೆಲ್ಸ ಅಷ್ಟೇ ಮಾಡೋರೂ ‘ಸುಮ್ನೆ ಇದ್ದೀನಿ’ ಅನ್ಬೇಡಿ, ‘ಮನೆ ಕೆಲ್ಸ ಮಾಡ್ತೀನಿ’ ಅನ್ನಿ. ಅವರು ಯಾವ ಕಲಂನಲ್ಲಿ ಬರ್ಕೊಂಡ್ರೂ ಬರ್ಕೊಳ್ಳಲಿ, ಮನೆಯೋರ ಕಿವಿಗಾದ್ರೂ ಬೀಳಲಿ.

ನಮ್ಮ ಯಜಮಾನ್ರಿಗೆ ಈಗ್ಲೇ ಹೇಳಿಟ್ಟಿದ್ದೀನಿ, ಅವತ್ತು ಸೊಪ್ಪು ಹಾಕೋ ಸರದಿ ಅವರದು.