ನೌಬಾದದ ಸುರಂಗವೂ ಬೀದರದ ಏಳಿಗೆಯೂ

ನಾಡು ಒಂದಾಗುವುದು ಬೇರೆ, ನಾಡಿನವರೆಲ್ಲರೂ ಒಂದೇ ಪಂಕ್ತಿಯಲ್ಲಿ ಕುಳಿತು ಉಣ್ಣುವುದು ಬೇರೆ. ಮೊದಲನೆಯದು 1956ನೆಯ ಇಸವಿಯ ನವೆಂಬರ 1ರಂದು ಕೈಗೂಡಿತು. ಎರಡನೆಯದು ಬೀದರ ಸೀಮೆಯ ಪಾಲಿಗೆ ಇನ್ನೂ ಕೈಗೂಡಬೇಕಾಗಿದೆ. ಈ ಮಾತನ್ನು ನಾವು ಮುನಿಸಿನಿಂದ ಆಡುತ್ತಿಲ್ಲ. ಲೆಕ್ಕ ಕೇಳುವ ಹಕ್ಕುಳ್ಳವರಾಗಿ ಆಡುತ್ತಿದ್ದೇವೆ.

ಬೀದರವು ಅನಾಯಾಸವಾಗಿ ಕರ್ನಾಟಕಕ್ಕೆ ಒದಗಿ ಬಂದ ಸೀಮೆಯಲ್ಲವೆಂಬುದನ್ನು ವಾಚಕರು ಮರೆಯಬಾರದು. 1948ರ ಸಪ್ಟೆಂಬರದಲ್ಲಿ ನಿಜಾಮನ ಆಳಿಕೆಯು ಮುಗಿದ ತರುವಾಯವೂ ಎಂಟು ವರುಷ ಅದು ಹೈದರಾಬಾದ ರಾಜ್ಯದಲ್ಲಿಯೇ ಉಳಿಯಿತು. 1955ರಲ್ಲಿ ರಾಜ್ಯ ಪುನರ್ವಿಂಗಡಣಾ ಆಯೋಗವು ಬೀದರ ಜಿಲ್ಲೆಯನ್ನು ತೆಲುಗು ಜಿಲ್ಲೆಗಳೊಡನೆ ಅಲ್ಲಿಯೇ ಇರಿಸಬೇಕೆಂದು ಸೂಚಿಸಿತು. ಕಡೆಗೆ ಜಿಲ್ಲೆಯು ಮೂರು ಪಾಲಾಗಿ ಬೀದರ, ಭಾಲ್ಕಿ, ಹುಮನಾಬಾದ, ಔರಾದ ಸೀಮೆಗಳು ನಮ್ಮೊಳಗೆ ಬಂದವು. ಇಷ್ಟು ಕಷ್ಟದಿಂದ ಮನೆಗೆ ಬಂದವರನ್ನು ನಾವು ಹೇಗೆ ನಡೆಯಿಸಿಕೊಂಡೆವು?

ಡಾ. ಡಿ. ಎಂ. ನಂಜುಂಡಪ್ಪನವರ ಸಮಿತಿಯು 2002ರಲ್ಲಿ ಇದಕ್ಕೆ ಉತ್ತರ ಕೊಟ್ಟಿತು. ರಾಜ್ಯದ 175 ತಾಲೂಕುಗಳಲ್ಲಿ ಅತ್ಯಂತ ಹಿಂದುಳಿದವು 39. ಅವುಗಳಲ್ಲಿ 21 ಗುಲಬರ್ಗಾ ವಿಭಾಗವೊಂದರಲ್ಲಿಯೇ! ತರುವಾಯ, ವೈಜನಾಥ ಪಾಟೀಲರಂಥವರ ದೀರ್ಘ ಹೋರಾಟದ ಫಲವಾಗಿ 2012ರ ತಿದ್ದುಪಡಿ ಕಾಯಿದೆಯ ಮೂಲಕ ರಾಜ್ಯಘಟನೆಯಲ್ಲಿ 371(ಜೆ) ವಿಧಿಯು ಸೇರಿತು. ಶಿಕ್ಷಣದಲ್ಲಿ, ನೌಕರಿಯಲ್ಲಿ ಸ್ಥಳೀಯರಿಗೆ ಮೀಸಲು ದೊರೆಯಿತು. ಅಭಿವೃದ್ಧಿ ಮಂಡಳಿಯು ನೆಲೆಗೊಂಡಿತು. 2019ರಲ್ಲಿ ಸೀಮೆಗೆ ಕಲ್ಯಾಣ ಕರ್ನಾಟಕವೆಂಬ ಹೆಸರಾಯಿತು. 2023-24ರ ಮುಂಗಡಪತ್ರದಲ್ಲಿ ಮಂಡಳಿಗೆ 5,000 ಕೋಟಿ ರೂಪಾಯಿಗಳನ್ನು ಸಾರಲಾಯಿತು. ಹೆಸರು ಬಂದಿತು, ಹಣವೂ ಬಂದಿತು. ಆದರೆ ಹಣವು ಹೊರಡುವುದಕ್ಕೂ ತಲುಪುವುದಕ್ಕೂ ನಡುವೆ ಬಹುದೂರದ ದಾರಿಯಿದೆ.

ಆ ದಾರಿಯನ್ನು ಹೇಗೆ ಕಟ್ಟಬೇಕೆಂಬುದಕ್ಕೆ ಬೀದರ ನಗರದ ಅಂಚಿನ ನೌಬಾದದಲ್ಲಿಯೇ ಒಂದು ಪಾಠವಿದೆ. ಬಹಮನಿ ಸುಲ್ತಾನರ ಕಾಲದಲ್ಲಿ, ಹದಿನೈದನೆಯ ಶತಮಾನದಲ್ಲಿ, ಅಲ್ಲಿ ನೆಲದೊಳಗೆ ಒಂದು ಜಲಸುರಂಗವನ್ನು ಕೊರೆದರು. ಕೆಂಪು ಜಂಬಿಟ್ಟಿಗೆಯಲ್ಲಿ ಇಂಗಿದ ಮಳೆಯ ನೀರು ಸುರಂಗಕ್ಕೆ ಜಿನುಗುತ್ತದೆ. ಯಾವ ಯಂತ್ರವೂ ಇಲ್ಲದೆ, ನೆಲದ ಇಳಿಜಾರಿನಿಂದಲೇ ಊರಿನತ್ತ ಹರಿಯುತ್ತದೆ. ಸುರಂಗದುದ್ದಕ್ಕೂ ಇಪ್ಪತ್ತೊಂದು ಬಾವಿಗಳಂತಹ ಕಂಡಿಗಳು. ಗಾಳಿಬೆಳಕು ಇಳಿಯುವುದೂ ಹೂಳನ್ನು ಮೇಲೆತ್ತುವುದೂ ಅವುಗಳ ಮೂಲಕವೇ. ಕಾಲಾಂತರದಲ್ಲಿ ಕಂಡಿಗಳು ಮುಚ್ಚಿದವು, ಹೂಳು ತುಂಬಿತು. 2010ರ ದಶಕದಲ್ಲಿ ಹೂಳೆತ್ತಿಸಿದಾಗ ಜನರು ಮತ್ತೆ ನೀರನ್ನು ಕಂಡರು. ಸೆಲೆಯು ಬತ್ತಿರಲಿಲ್ಲ, ದಾರಿಯು ಕಟ್ಟಿತ್ತು ಅಷ್ಟೆ.

ಸರಕಾರದ ಧನಕ್ಕೂ ಇದೇ ನ್ಯಾಯ. ಅದರ ದಾರಿಯುದ್ದಕ್ಕೂ ಬೆಳಕು ಬೀಳುವ ಕಂಡಿಗಳಿರಬೇಕು. ಮಂಡಳಿಯ ಕಾರ್ಯದ ವರದಿಯನ್ನು ಪ್ರತಿವರ್ಷವೂ ವಿಧಾನಸಭೆಯ ಮುಂದಿಡತಕ್ಕದ್ದೆಂದು 371(ಜೆ) ವಿಧಿಯೇ ಹೇಳುತ್ತದೆ. ಅದು ಮೊದಲನೆಯ ಕಂಡಿ. ಆದರೆ ಬೆಂಗಳೂರಿನಲ್ಲಿ ತೆರೆದ ಒಂದು ಕಂಡಿಯಿಂದ ಔರಾದದ ಹಳ್ಳಿಗೆ ಬೆಳಕು ಬೀಳಲಾರದು. ಆ ವರದಿಯು ತಾಲೂಕುವಾರಾಗಿ, ಊರುವಾರಾಗಿ, ತಿಳಿಗನ್ನಡದಲ್ಲಿ ಗ್ರಾಮಸಭೆಯ ಮುಂದೆ ಓದಲ್ಪಡಬೇಕು: ಕೆಲಸ ಯಾವುದು, ಮಂಜೂರಾದುದೆಷ್ಟು, ವೆಚ್ಚವಾದುದೆಷ್ಟು, ಮುಗಿದದ್ದು ಯಾವಾಗ ಎಂದು. ಮರಾಠಿ, ಉರ್ದು, ತೆಲುಗು ಆಡುವ ನೆರೆಹೊರೆಯವರಿಗೂ ಅದರ ಅರ್ಥವನ್ನು ತಿಳಿಸಿ ಹೇಳಬೇಕು; ಏಳಿಗೆಯು ಊರಿಗೆಲ್ಲ ಸೇರಿದ್ದು.

ಎರಡನೆಯದಾಗಿ, ಕಟ್ಟಡಗಳನ್ನು ಎಣಿಸುವುದನ್ನು ಬಿಟ್ಟು ಫಲವನ್ನು ಎಣಿಸಬೇಕು. ಶಾಲೆಯ ಕೋಣೆಗಿಂತ ಅದರಲ್ಲಿ ಪಾಠ ಹೇಳುವ ಮಾಸ್ತರನು ಮುಖ್ಯ. ಭಾಲ್ಕಿ ತಾಲೂಕಿನ ಬ್ಯಾಲಹಳ್ಳಿಯ ಬಳಿ ಕಟ್ಟಿದ ಕಾರಂಜಾ ಅಣೆಕಟ್ಟಿನ ಯಶಸ್ಸನ್ನು ಅದರ ಎತ್ತರದಿಂದ ಅಳೆಯಲಾಗದು. ಕಾಲುವೆಯ ಕಟ್ಟಕಡೆಯ ಹೊಲಕ್ಕೆ ನೀರು ಮುಟ್ಟಿತೇ, ಭೂಮಿ ಕಳೆದುಕೊಂಡು ದಶಕಗಳಿಂದ ಮೊರೆಯಿಡುತ್ತಿರುವವರಿಗೆ ನ್ಯಾಯ ಮುಟ್ಟಿತೇ ಎಂಬುದರಿಂದಲೇ ಅಳೆಯಬೇಕು.

ಹಳ್ಳಿಗರಿಗೆ ಲೆಕ್ಕಪತ್ರ ತಿಳಿಯದೆಂದು ಕೆಲವರು ನಗುವರು. ಬೀದರ ಜಿಲ್ಲಾ ಸಹಕಾರಿ ಬ್ಯಾಂಕಿನ ಆಶ್ರಯದಲ್ಲಿ ಬೆಳೆದ ಸ್ತ್ರೀಯರ ಸ್ವಸಹಾಯ ಸಂಘಗಳನ್ನು ಅವರು ಕಂಡಿಲ್ಲವೆಂದು ತೋರುತ್ತದೆ. ಅಲ್ಲಿ ಕೂಲಿಯ ಹೆಣ್ಣುಮಕ್ಕಳು ಉಳಿತಾಯ, ಸಾಲ, ಬಡ್ಡಿಗಳ ಲೆಕ್ಕವನ್ನು ತಾವೇ ನಡೆಯಿಸುತ್ತ ಬಂದಿದ್ದಾರೆ. ತಮ್ಮ ಸಂಘದ ಪೈಸೆಪೈಸೆಗೂ ಲೆಕ್ಕ ಕೇಳುವವರು ಸರಕಾರದ ಕೋಟಿಗೂ ಕೇಳಬಲ್ಲರು. ಪುಸ್ತಕವನ್ನು ಅವರ ಮುಂದೆ ತೆರೆದಿಡಬೇಕು, ಅಷ್ಟೇ.

ಆದುದರಿಂದ ಬೀದರದ ಬಾಂಧವರಲ್ಲಿ ನಮ್ಮ ಅರಿಕೆಯಿದು: ಇನ್ನಷ್ಟು ಹಣ ಬೇಕೆಂದು ಕೇಳುವ ಮೊದಲು, ಬಂದ ಹಣದ ಲೆಕ್ಕವನ್ನು ಕೇಳಿರಿ. ಮುಂದಿನ ಗ್ರಾಮಸಭೆಗೆ ತಪ್ಪದೆ ಹೋಗಿರಿ, ಒಬ್ಬಿಬ್ಬರಾಗಿ ಅಲ್ಲ, ಓಣಿಯವರೆಲ್ಲ ಕೂಡಿ ಹೋಗಿರಿ. ಕೇಳುವವರಿಲ್ಲದ ಕಡೆ ಹೂಳು ತುಂಬುವುದು ಸಹಜ; ಅದನ್ನು ಎತ್ತುವ ಕೆಲಸ ಊರಿನವರದೇ.