ಹೊಗೆಸೊಪ್ಪಿನ ಸೀಮೆಗೆ ಬಂದ ಬುತ್ತಿ

ಆಷಾಢದ ಮಳೆಯಲ್ಲಿ ಹುಣಸೂರಿನಿಂದ ಪಿರಿಯಾಪಟ್ಟಣದ ದಾರಿ ಹಿಡಿದರೆ ಹೊಗೆಸೊಪ್ಪು ಹದ ಮಾಡುವ ಬ್ಯಾರನ್ನುಗಳ ಹೊಗೆ ಬಸ್ಸಿನೊಳಕ್ಕೂ ಬರುತ್ತದೆ. ಕೆ.ಆರ್. ನಗರ, ಎಚ್.ಡಿ. ಕೋಟೆಯ ಕಡೆಯೂ ಇದೇ ಸುಗ್ಗಿ. ಸೊಪ್ಪು ಮುರಿದು, ಕಡ್ಡಿಗೆ ಕಟ್ಟಿ, ಬ್ಯಾರನ್ನಿಗೇರಿಸಿ, ಐದಾರು ದಿನ ಹಗಲಿರುಳು ಉರಿ ಕಾಯಬೇಕು. ಕ್ಯೂಬನ್ ಸ್ಯಾಂಡ್‌ವಿಚ್ ಬೆಳೆದದ್ದೂ ಹೊಗೆಸೊಪ್ಪಿನ ಕೆಲಸಗಾರರ ಕೈಯಲ್ಲೇ ಎಂದು ಓದಿದ ಮೇಲೆ ಅದನ್ನು ಮನೆಯಲ್ಲಿ ಮಾಡದೆ ಇರಲಾಗಲಿಲ್ಲ.

1880ರ ದಶಕದಲ್ಲಿ ವಿಸೆಂತೆ ಮಾರ್ತಿನೆಸ್ ಇಬೋರ್ ಫ್ಲಾರಿಡಾದ ಟ್ಯಾಂಪಾದಲ್ಲಿ ಸಿಗಾರ್ ಕಾರ್ಖಾನೆ ತೆರೆದ. ಕ್ಯೂಬಾ, ಸ್ಪೇನ್, ಸಿಸಿಲಿಯಿಂದ ಬಂದವರು ಸಾಲಾಗಿ ಕೂತು ಸೊಪ್ಪು ಸುತ್ತುತ್ತಿದ್ದರು. ಅಟ್ಟಣೆಯ ಮೇಲೆ ಕೂತ ಒಬ್ಬ ಅವರಿಗೆ ಪತ್ರಿಕೆ, ಕಾದಂಬರಿ ಗಟ್ಟಿಯಾಗಿ ಓದಿ ಹೇಳುತ್ತಿದ್ದ. ಅವನ ಸಂಬಳಕ್ಕೆ ಕೆಲಸಗಾರರೇ ತಮ್ಮ ಕೂಲಿಯಿಂದ ಕಾಸು ಹಾಕುತ್ತಿದ್ದರು. 1931ರಲ್ಲಿ ಮಾಲೀಕರು ಆ ಓದನ್ನು ನಿಲ್ಲಿಸಿದರು, ರೇಡಿಯೊ ಬಂತು. ಕತೆ ಕೇಳಲು ಕೂಲಿಯಲ್ಲಿ ಪಾಲು ತೆಗೆದಿಟ್ಟವರ ಬುತ್ತಿ ಈ ಸ್ಯಾಂಡ್‌ವಿಚ್. ನನಗೆ ಇದರ ಮೇಲೆ ಪ್ರೀತಿ ಹುಟ್ಟಿದ್ದು ಅಲ್ಲಿಂದ.

ಇದರೊಳಗಿಡುವ ಹಂದಿ ಮಾಂಸವನ್ನು ಕ್ಯೂಬಾದವರು ಹುಳಿ ಕಿತ್ತಳೆ ರಸ, ಬೆಳ್ಳುಳ್ಳಿ, ಜೀರಿಗೆ, ಒರೆಗಾನೊದಲ್ಲಿ ನೆನೆಸುತ್ತಾರೆ. ನಾನು ಹೇರಳೆಕಾಯಿ ಹಿಂಡಿದೆ. ಒರೆಗಾನೊ ಬದಲಿಗೆ ಹಿತ್ತಲಿನ ದೊಡ್ಡಪತ್ರೆ. ಇಂಗ್ಲಿಷಿನಲ್ಲಿ ಅದರ ಒಂದು ಹೆಸರೇ 'ಕ್ಯೂಬನ್ ಒರೆಗಾನೊ'. ಕೊಡಗು ಪಕ್ಕದಲ್ಲೇ ಇರುವುದರಿಂದ ಅಲ್ಲಿನ ಹುಳಿ ಕಾಚಂಪುಳಿಗೆ ಕೈ ಹೋಗುತ್ತದೆ, ಹಾಕಬೇಡಿ, ಪಂದಿ ಕರಿಯ ರುಚಿಯೇ ಮೇಲಾಗುತ್ತದೆ. ರಾತ್ರಿಯಿಡೀ ನೆನೆದ ಭುಜದ ಮಾಂಸವನ್ನು ಸಣ್ಣ ಉರಿಯಲ್ಲಿ, ಬೆರಳಿಗೆ ಎಳೆ ಬಿಡುವಷ್ಟು ಬೇಯಿಸಿದೆ.

ಬೇಕರಿಯ ಉದ್ದ ಬನ್ನು ಸೀಳಿ ಸಾಸಿವೆ ಸಾಸ್ ಸವರಿ, ಮಾಂಸ, ಹ್ಯಾಮ್, ಚೀಸ್, ಉಪ್ಪುನೀರಲ್ಲಿ ಹಾಕಿದ ಸೌತೆಕಾಯಿ ಹೋಳು ಜೋಡಿಸಬೇಕು. ಹೊರಮೈಗೆ ಬೆಣ್ಣೆ. ಒತ್ತುವ ಯಂತ್ರ ನನ್ನಲ್ಲಿಲ್ಲ. ತವಾದ ಮೇಲೆ ಬನ್ನಿಟ್ಟು, ಬಾಳೆ ಎಲೆ ಹೊದಿಸಿ, ಅದರ ಮೇಲೆ ರುಬ್ಬುವ ಗುಂಡುಕಲ್ಲನ್ನು ಅಡ್ಡ ಮಲಗಿಸಿದೆ. ಬನ್ನು ಮೆಲ್ಲಗೆ ಉಸಿರು ಬಿಟ್ಟು ಅರ್ಧಕ್ಕಿಳಿಯಿತು. ಅಂಚಿನಿಂದ ಚೀಸ್ ಜಿನುಗಿ ಚುರ್ ಎಂದಾಗ ತಿರುವಿ ಹಾಕಿದೆ. ಉರಿ ದೊಡ್ಡದು ಮಾಡಿದರೆ ಹೊರಗೆ ಕರಕಲು, ಒಳಗೆ ತಣ್ಣಗೆ. ಮೊದಲನೆಯದನ್ನು ಹಾಗೇ ಕೆಡಿಸಿದ್ದೆ.

ಮೂಲೆಯಿಂದ ಮೂಲೆಗೆ ಕೊಯ್ದು, ಪೇಪರಿನಲ್ಲಿ ಸುತ್ತಿ, ಬ್ಯಾರನ್ ಕಾಯುತ್ತಿದ್ದ ತಮ್ಮನಿಗೆ ಒಯ್ದೆ. ರೇಡಿಯೊ ಹಾಡುತ್ತಿತ್ತು. ಒಂದು ಕೈಯಲ್ಲಿ ಸೌದೆ ತಳ್ಳುತ್ತ, ಇನ್ನೊಂದರಲ್ಲಿ ಹಿಡಿದು ತಿಂದ.

"ಖಾರ ಸಾಲ್ದು ಕಣಕ್ಕ" ಅಂದ. ಹಸಿಮೆಣಸಿನಕಾಯಿ ಕಚ್ಚಿಕೊಂಡು ಎರಡನೆಯದಕ್ಕೆ ಕೈ ಚಾಚಿದ.